ಅತ್ತಿಗೆ ಇಳಿದ ಜಾಗ

ನಮ್ಮ ಅತ್ತಿಗೆಯಷ್ಟು ಪುಕ್ಕಲು ಹೆಂಗಸು ಈ ಭೂಮಿ ಮೇಲೆ ಇನ್ನೊಬ್ಬರಿಲ್ಲ ಎಂದು ಹತ್ತು ವರ್ಷ ಊರ ತುಂಬ ಹೇಳಿಕೊಂಡು ತಿರುಗಿದವನು ನಾನೇ. ಹಾಗೆ ಹೇಳುವಾಗ ನನಗೊಂದು ಖುಷಿ ಇರುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೇಳಿದವರು ನಗುತ್ತಿದ್ದರು, ಅತ್ತಿಗೆಯೂ ನಗುತ್ತಿದ್ದರು. ಈಗ ಅದೇ ಬಾಯಿಂದ ಬೇರೆ ಕತೆ ಹೇಳಬೇಕಾಗಿದೆ.

ಪುಕ್ಕಲು ಎಂದರೆ ಅಂತಿಂಥ ಪುಕ್ಕಲಲ್ಲ. ಚಿಕ್ಕಂದಿನಲ್ಲಿ ಉಯ್ಯಾಲೆ ಹತ್ತಿದವರಲ್ಲ. ಅಟ್ಟದ ಡಬ್ಬಿ ಇಳಿಸಲು ಕುರ್ಚಿ ಮೇಲೆ ನಿಂತರೆ ಕಾಲು ನಡುಗುತ್ತಿತ್ತಂತೆ. ನಾಲ್ವರು ಅಣ್ಣಂದಿರು ಬಾಗಿಲ ಹಿಂದೆ ಅವಿತು ನಿಂತು ಅವರನ್ನು ಬೆಚ್ಚಿ ಬೀಳಿಸುವುದೇ ಆ ಮನೆಯ ಮನರಂಜನೆ. ದೊಡ್ಡವರಾದ ಮೇಲೆ ಹೊಲಿಗೆ ಕಲಿತರು. ಮಷೀನನ್ನು ಎಷ್ಟು ಜೋರಾಗಿ ತುಳಿದರೂ ಅದು ಇದ್ದ ಜಾಗದಲ್ಲೇ ಇರುತ್ತದೆ, ಅದಕ್ಕೇ ಇಷ್ಟ ಎನ್ನುತ್ತಿದ್ದರು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಿಟಕಿ ಪಕ್ಕದ ಮಷೀನು ಅವರದು. ನಮ್ಮಣ್ಣ ಗುಡ್ಡದಲ್ಲಿ ಸೈಕಲ್ಲಿನಿಂದ ಬಿದ್ದು ಪ್ಯಾಂಟು ಹರಿದುಕೊಂಡು ಒಂದೇ ತಿಂಗಳಲ್ಲಿ ಮೂರು ಸಲ ಆ ಅಂಗಡಿಗೆ ಹೋದ. ನಾಲ್ಕನೇ ಸಲ ಹರಿಯದ ಪ್ಯಾಂಟು ತೆಗೆದುಕೊಂಡು ಹೋದ. "ಎಲ್ಲಿ ಹರಿದಿದೆ ಇದು?" ಎಂದು ಅತ್ತಿಗೆ ಹಿಂದೆ ಮುಂದೆ ತಿರುಗಿಸಿ ನೋಡಿದರಂತೆ. ಇವನು ತಲೆ ಕೆರೆದುಕೊಂಡು ನಿಂತನಂತೆ. ಮದುವೆ ನಿಶ್ಚಯವಾಗಲು ಅಷ್ಟು ಸಾಕಾಯಿತು.

ನಮ್ಮ ಅಂಗಡಿ ಇರುವುದು ಡಾಂಬರು ರಸ್ತೆ ಮುಗಿದು ಗುಡ್ಡ ಶುರುವಾಗುವ ಕಡೆ, ಬೀದಿಯ ಕೊನೆಯ ಕಟ್ಟಡದಲ್ಲಿ. ಗುಡ್ಡದ ತುದಿಯಿಂದ ಮರಗಳ ನಡುವೆ ಬಳಸಿಕೊಂಡು ಬರುವ ಸೈಕಲ್ ಹಾದಿಗಳನ್ನೆಲ್ಲ ಅಣ್ಣನೇ ಸಲಿಕೆ, ಪಿಕಾಸಿ ಹಿಡಿದು ಮಾಡಿದ್ದು. ಹೊರಗಿನಿಂದ ಬಂದವರಿಗೆ ನಾವು ದಪ್ಪ ಟೈರಿನ ಸೈಕಲ್ಲು ಕೊಡುತ್ತೇವೆ, ಅಣ್ಣ ಗೈಡಾಗಿ ಮುಂದೆ ಹೋಗುತ್ತಾನೆ. ಊರಿನವರು ತಮ್ಮ ಸೈಕಲ್ಲನ್ನೇ ತಂದು ಬೆವರು ಸುರಿಸಿ ಹೋಗುತ್ತಾರೆ. ಮುಂದಿನ ಕೋಣೆಯಲ್ಲಿ ಅತ್ತಿಗೆಯ ಮೇಜು, ಬುಕಿಂಗ್ ಪುಸ್ತಕ, ಗೋಡೆಯ ಮೊಳೆಗಳಲ್ಲಿ ಇಪ್ಪತ್ತೆರಡು ಹೆಲ್ಮೆಟ್ಟು. ಗದ್ದದ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡದೆ ಅವರು ಯಾರನ್ನೂ ಹೊರಗೆ ಬಿಡುವುದಿಲ್ಲ, ಬಂದವರು ಮಂತ್ರಿಯೇ ಆಗಿರಲಿ. ಹಿಂದಿನ ಕೋಣೆ ನನ್ನದು: ಚೈನು, ಗ್ರೀಸು, ಬ್ರೇಕಿನ ತಂತಿ, ಪಂಕ್ಚರ್ ನೋಡಲು ಒಂದು ನೀರಿನ ತೊಟ್ಟಿ. ನಾನು ಮೆಕ್ಯಾನಿಕ್ಕು. ಹಿತ್ತಲಲ್ಲಿ ಒಂದು ನಲ್ಲಿ, ತೊಳೆದ ಮಂಡಿ ಪ್ಯಾಡುಗಳನ್ನು ಒಣಹಾಕುವ ಹಗ್ಗ.

ಹತ್ತು ವರ್ಷದ ಹಿಂದೆ ಮೊದಲನೇ ಹಾದಿ ಮುಗಿದಾಗ ಅಣ್ಣ ಉತ್ಸಾಹ ತಡೆಯಲಾರದೆ ಅತ್ತಿಗೆಯನ್ನೂ ಬೇರೊಂದು ಸೈಕಲ್ ಹತ್ತಿಸಿ ಮೇಲಿಂದ ಕರೆದುಕೊಂಡು ಬಂದ. ಅತ್ತಿಗೆ ಐದು ಕಡೆ ಸೈಕಲ್ಲಿನಿಂದ ಇಳಿದರು. ಇಳಿದು, ತಳ್ಳಿಕೊಂಡು ಹೋಗಿ, ಆ ಜಾಗ ದಾಟಿದ ಮೇಲೆ ಮತ್ತೆ ಹತ್ತಿದರು. ಮುಂದಿನ ಒಂದು ತಿಂಗಳಲ್ಲಿ ಹೊರಗಿನವರು ಬಿದ್ದದ್ದೆಲ್ಲ ಅದೇ ಐದು ಜಾಗಗಳಲ್ಲಿ. ಒಂದು ಮಾರು ಆಚೆ ಇಲ್ಲ, ಈಚೆ ಇಲ್ಲ. ಅಣ್ಣ ಕಣ್ಣುಬಾಯಿ ಬಿಟ್ಟ. ಅವತ್ತಿನಿಂದ ನಮ್ಮ ಗುಡ್ಡಕ್ಕೆ ಒಂದು ಕಾನೂನು ಬಂತು. ಹೊಸ ಹಾದಿಯಲ್ಲಿ ಮೊದಲು ಅತ್ತಿಗೆ ಸೈಕಲ್ ಓಡಿಸಬೇಕು. ಎಲ್ಲೂ ಕಾಲು ನೆಲಕ್ಕಿಡದೆ ಬಂದರೆ ಹಸಿರು ಬೋರ್ಡು, ಅಂದರೆ ಯಾರು ಬೇಕಾದರೂ ಹೋಗಬಹುದು. ಮೂರು ಸಲದವರೆಗೆ ಇಳಿದರೆ ನೀಲಿ. ಅದಕ್ಕಿಂತ ಹೆಚ್ಚಾದರೆ ಕೆಂಪು. ಮೇಲೇ ನಿಂತು "ನಾನು ಮನೆಗೆ ಹೋಗ್ತೀನಿ" ಎಂದರೆ ಕಪ್ಪು. ಹಿಂದೆ ಬರುವ ಅಣ್ಣ ಅವರು ಇಳಿದ ಕಡೆಯೆಲ್ಲ ಚೀಲದಿಂದ ಒಂದು ಹಿಡಿ ಸುಣ್ಣದ ಪುಡಿ ಉದುರಿಸುತ್ತಿದ್ದ. ಆಮೇಲೆ ಅಲ್ಲಿಗೆ ಒಂದು ಬಿಳಿ ಕಲ್ಲು ಬರುತ್ತಿತ್ತು, ಇಲ್ಲಿ ಹುಷಾರು ಎನ್ನಲು.

ಊರಿನವರಿಗೂ ಈ ಲೆಕ್ಕ ಬಾಯಿಪಾಠ. ನಮ್ಮ ಬೀದಿಯ ಹಲ್ಲಿನ ಡಾಕ್ಟರು ಒಂದು ಸಲ ಫೋನು ಮಾಡಿದ್ದರು. "ಮೇಡಂ, ನಾಲ್ಕನೇ ಹಾದೀಲಿ ನಮ್ಮತ್ತೇನ ಕರ್ಕೊಂಡು ಬರಬಹುದಾ? ನೀವು ಎಷ್ಟು ಸಲ ಇಳಿದಿದ್ರಿ?"

"ಎರಡು ಸಲ ಡಾಕ್ಟ್ರೇ. ನಿಮ್ಮತ್ತೆ ಹೆದರ್ತಾರಾ?"

"ಅವರು ಯಾರಿಗೂ ಹೆದರಲ್ಲ. ಅವರಿಗೆ ನಾನು ಹೆದರ್ತೀನಿ."

"ಹಾಗಾದ್ರೆ ನೀವು ಹಸಿರಲ್ಲಿ ಬನ್ನಿ, ಅವರನ್ನ ಕಪ್ಪಲ್ಲಿ ಕಳಿಸಿ" ಎಂದು ಅತ್ತಿಗೆ ಫೋನಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹುಟ್ಟಿದಾಗಿನಿಂದ ಯಾವ ಹೆದರಿಕೆಗೆ ಎಲ್ಲರೂ ಗೇಲಿ ಮಾಡಿದ್ದರೋ ಆ ಹೆದರಿಕೆಯನ್ನು ಇಲ್ಲಿ ಜನ ಫೋನು ಮಾಡಿ ವಿಚಾರಿಸುತ್ತಿದ್ದರು. ಅವರು ಮೇಜಿನ ಹಿಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದುದು ಅದಕ್ಕೇ ಇರಬೇಕು. ನಾನು ಮಾತ್ರ ಬಿಡಲಿಲ್ಲ, ಅವರಿಗೆ 'ಅಳತೆ ಟೇಪು' ಎಂದು ಹೆಸರಿಟ್ಟೆ.

ಇನ್ನು ನನ್ನ ವಿಷಯ. ನನಗೆ ಹಳೇ ಮಂಡಿನೋವು. ಒಂದು ಕಾಲದಲ್ಲಿ ಭಾರಿ ಓಡಿಸುತ್ತಿದ್ದ ಮನುಷ್ಯ, ಬಿದ್ದು ಮಂಡಿ ಹೋದ ಮೇಲೆ ಗುಡ್ಡ ಬಿಟ್ಟ ಎಂದು ಗಿರಾಕಿಗಳು ತಾವಾಗಿಯೇ ತಿಳಿದುಕೊಂಡಿದ್ದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸುಮ್ಮನೆ ಮಂಡಿ ಒತ್ತಿಕೊಂಡು ಗುಡ್ಡದ ಕಡೆ ನೋಡುತ್ತಿದ್ದೆ.

ಮೂರು ವರ್ಷ ಹೊಸ ಹಾದಿ ಮಾಡಿರಲಿಲ್ಲ. ಈ ವರ್ಷ ಅಣ್ಣ ನೀರಿನ ಟ್ಯಾಂಕಿನ ಕೆಳಗಿನಿಂದ ಎಂಟನೆಯದನ್ನು ಮಾಡಿದ. ಮೂರನೇ ತಿರುವಿನಲ್ಲಿ ಒಂದು ಬಂಡೆ, ಬಂಡೆ ಮುಗಿದ ಕೂಡಲೇ ಹಾವಿನಂತೆ ಹೆಣೆದುಕೊಂಡ ಬೇರುಗಳು, ಅದರಾಚೆ ಒಂದೇ ಏಟಿಗೆ ಇಳಿಜಾರು. ಅಗೆಯುವಾಗಲೇ ಅಣ್ಣ ಹೇಳಿದ್ದ: "ಇದು ಕೆಂಪಾಗುತ್ತೆ ನೋಡ್ತಿರು." ಗುರುವಾರ ಅತ್ತಿಗೆ ಮೇಲಿಂದ ಹೊರಟರು, ಹಿಂದೆ ಸುಣ್ಣದ ಚೀಲ ಹೊತ್ತು ಅಣ್ಣ. ನಾನು ಕೆಳಗೆ ಕಾಯುತ್ತಾ ನಿಂತಿದ್ದೆ. ಅತ್ತಿಗೆ ಸರ್ರನೆ ಬಂದು ನಿಂತರು. ಕೆನ್ನೆ ಕೆಂಪಗೆ, ಹೆಲ್ಮೆಟ್ಟಿನಲ್ಲಿ ಒಂದು ಎಲೆ ಸಿಕ್ಕಿಕೊಂಡಿತ್ತು, ಬಾಯಿ ತುಂಬ ನಗು.

"ಎಷ್ಟು ಸಲ ಅತ್ತಿಗೆ?" ಎಂದೆ.

ಆ ನಗು ಅಲ್ಲೇ ನಿಂತುಹೋಯಿತು. ಏನೋ ಮರೆತು ಬಂದವರ ಹಾಗೆ ತಿರುಗಿ ಗುಡ್ಡ ನೋಡಿದರು. ಅಷ್ಟರಲ್ಲಿ ಹಿಂದೆಯೇ ಅಣ್ಣ ಬಂದ. ಚೀಲದಿಂದ ಒಂದು ಚಿಟಿಕೆ ಸುಣ್ಣವೂ ಖರ್ಚಾಗಿರಲಿಲ್ಲ.

"ಒಂದು ಸಲಾನೂ ಇಳೀಲಿಲ್ಲ ಕಣೋ!" ಎಂದ ಅಣ್ಣ. "ನಾನೇ ಸುಮ್ಮನೆ ಕಷ್ಟ ಅಂದ್ಕೊಂಡಿದ್ದೆ. ಇದು ಹಸಿರು."

"ಆ ಬಂಡೆ ಹಸಿರಾ?" ಎಂದೆ ನಾನು.

"ಅಳತೆ ತಪ್ಪಲ್ಲ. ನನ್ನ ಕಣ್ಣೇ ತಪ್ಪು."

ಹೀಗೆ ತನ್ನ ಎರಡು ಕಣ್ಣನ್ನೂ ಬಿಟ್ಟು ಹೆಂಡತಿಯ ಕಾಲನ್ನು ನಂಬಿ ಬೋರ್ಡಿಗೆ ಹಸಿರು ಬಣ್ಣ ಬಳಿದವನು ಪ್ರಪಂಚದಲ್ಲಿ ನಮ್ಮಣ್ಣ ಒಬ್ಬನೇ.

ರಜೆ ಕಳೆಯಲು ಊರಿಗೆ ಬಂದಿದ್ದ ಆರು ಜನ ಟೀಚರುಗಳು ಭಾನುವಾರ ಅಂಗಡಿಗೆ ಬಂದರು, ಅವರಲ್ಲಿ ಹೆಡ್‌ಮಿಸ್ಸೇ ಮುಂದಾಳು. ಹಸಿರು ಬಿಟ್ಟು ಬೇರೆ ಬೇಡವೇ ಬೇಡ ಎಂದು ಮೊದಲೇ ಹೇಳಿದ್ದರು. ಅಣ್ಣ ಹೆಮ್ಮೆಯಿಂದ ಎಂಟನೇ ಹಾದಿಗೆ ಕರೆದುಕೊಂಡು ಹೋದ. ಮುಕ್ಕಾಲು ಗಂಟೆಯಲ್ಲಿ ಬರಬೇಕಾದವರು ಎರಡೂವರೆ ಗಂಟೆಯಾದ ಮೇಲೆ ನಡೆದುಕೊಂಡು ಬಂದರು. ಯಾರಿಗೂ ಪೆಟ್ಟಾಗಿರಲಿಲ್ಲ, ಪುಣ್ಯ. ಆದರೆ ಮೂರನೇ ತಿರುವಿನಲ್ಲಿ ಒಬ್ಬರು ಮರ ತಬ್ಬಿಕೊಂಡು ಬಿಡಲೊಲ್ಲೆ ಎಂದು ಕೂತರಂತೆ. ಇನ್ನೊಬ್ಬರು ಕಣ್ಣು ಮುಚ್ಚಿಕೊಂಡು ಮಗ್ಗಿ ಹೇಳಲು ಶುರು ಮಾಡಿದರಂತೆ. ಹೆಡ್‌ಮಿಸ್ಸು ಸೊಂಟದವರೆಗೆ ಕೆಸರು ಮೆತ್ತಿಕೊಂಡು ಅಂಗಡಿ ಬಾಗಿಲಲ್ಲಿ ನಿಂತು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮಗೆ ಬಣ್ಣ ಕಲಿಸಿದ ಟೀಚರ್ ಯಾರಪ್ಪಾ?"

ಐವತ್ತು ದಾಟಿದ ನಮ್ಮಣ್ಣ ತಲೆ ತಗ್ಗಿಸಿ ಕೈ ಕಟ್ಟಿಕೊಂಡು ನಿಂತ. ನಾನು ನಗು ತಡೆಯಲಾರದೆ ಹಿಂದಿನ ಕೋಣೆಗೆ ಓಡಿದೆ. ಅಲ್ಲಿಂದ ಹಿತ್ತಲು ಕಾಣುತ್ತದೆ. ಅತ್ತಿಗೆ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮಂಡಿ ಪ್ಯಾಡು ತೊಳೆಯುತ್ತಿದ್ದರು. ಒಂದೇ ಪ್ಯಾಡನ್ನು ಉಜ್ಜುತ್ತಲೇ ಇದ್ದರು. ಕಣ್ಣಲ್ಲಿ ನೀರು.

"ಅಯ್ಯೋ ಬಿಡಿ ಅತ್ತಿಗೆ, ಕೆಸರು ತಾನೇ" ಎಂದೆ.

"ನನಗೆ ಹೆದರಿಕೆ ಹೋಗಿ ಎರಡು ವರ್ಷ ಆಯ್ತು ಕಣೋ" ಎಂದರು ಅತ್ತಿಗೆ.

ಆಮೇಲೆ ಎಲ್ಲ ಹೊರಬಂತು. ತಿರುವುಗಳಲ್ಲಿ ಎಲೆ ಬಿದ್ದರೆ ಟೈರು ಜಾರುತ್ತದೆಂದು ಅತ್ತಿಗೆ ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಉದ್ದ ಹಿಡಿಯ ಪೊರಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿ ಹಾದಿ ಗುಡಿಸುತ್ತಿದ್ದರು. ಅದು ನಮಗೆ ಗೊತ್ತಿತ್ತು. ಮೊದಮೊದಲು ನಡೆದುಕೊಂಡು ಗುಡಿಸಿದರು. ಏಳು ಹಾದಿ ಮುಗಿಯುವಷ್ಟರಲ್ಲಿ ಅಂಗಡಿ ತೆಗೆಯುವ ಹೊತ್ತಾಗುತ್ತಿತ್ತೆಂದು ಆಮೇಲೆ ಸೈಕಲ್ಲಿನಲ್ಲಿ ಹೋಗತೊಡಗಿದರು. ದಿನಾ ನೋಡಿದ ಬೇರು, ದಿನಾ ನೋಡಿದ ಕಲ್ಲು. ಒಂದೊಂದೇ ಜಾಗದಲ್ಲಿ ಇಳಿಯುವುದು ತಪ್ಪುತ್ತಾ ಬಂದು, ಒಂದು ಬೆಳಿಗ್ಗೆ ಕಪ್ಪು ಬೋರ್ಡಿನ ಹಾದಿಯಲ್ಲೂ ಕಾಲು ಕೆಳಗಿಡದೆ ಬಂದುಬಿಟ್ಟರು. ಅದನ್ನು ಯಾರಿಗೂ ಹೇಳಲಿಲ್ಲ. ಯಾರಾದರೂ ಜೊತೆಗಿದ್ದರೆ ಹಳೇ ಜಾಗ ಬಂದ ಕೂಡಲೇ ನೆನಪು ಮಾಡಿಕೊಂಡು ಇಳಿಯುತ್ತಿದ್ದರು.

"ಹೊಸ ಹಾದೀಲಿ ನೆನಪು ಮಾಡ್ಕೊಳ್ಳೋಕೆ ಏನಿತ್ತು ಹೇಳು? ಹಳೇ ಜಾಗಾನೇ ಇಲ್ಲ. ಖುಷಿಯಾಗಿ ಬಂದುಬಿಟ್ಟೆ. ನೀನು ಎಷ್ಟು ಸಲ ಅಂತ ಕೇಳಿದಾಗಲೇ ಗೊತ್ತಾಗಿದ್ದು, ಇಳಿಯೋದು ಮರೆತಿದ್ದೀನಿ ಅಂತ."

"ಹೇಳಬಾರದಿತ್ತಾ?"

"ಏನಂತ ಹೇಳಲಿ? ಹೆಲ್ಮೆಟ್ ಕಟ್ಟೋಕೆ ಯಾರಾದ್ರೂ ಸಿಗ್ತಾರೆ. ನನ್ನ ಹೆದರಿಕೆಗೆ ತಾನೇ ಇಲ್ಲಿ ನನಗೊಂದು ಜಾಗ ಇದ್ದಿದ್ದು? ಅದೇ ಹೋದ ಮೇಲೆ ನಾನ್ಯಾಕೆ?"

ಹತ್ತು ವರ್ಷ ಅವರ ಹೆದರಿಕೆಯನ್ನು ಆಡಿಕೊಂಡು ನಕ್ಕವನಿಗೆ ಅದು ಅವರ ಪಾಲಿಗೆ ಇಷ್ಟು ದೊಡ್ಡದೆಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಅಣ್ಣನಿಗೂ ಅತ್ತಿಗೆಯೇ ಹೇಳಿದರು. ಅವನು ಬೈಯಲಿಲ್ಲ. "ಕಪ್ಪಲ್ಲೂ ಇಳೀದೆ ಬಂದ್ಯಾ? ನಿಜವಾಗ್ಲೂ?" ಎಂದು ನಾಲ್ಕು ಸಲ ಕೇಳಿದ. ನಂತರ ತಾನು ಬಹಳ ಬುದ್ಧಿವಂತ ಎಂದುಕೊಂಡು, "ಹಾಗಾದ್ರೆ ನೀನೇ ಗೈಡಾಗು ಕಣೇ, ನನಗೂ ಇನ್ನೊಬ್ಬರು ಬೇಕಿತ್ತು" ಎಂದ.

"ಹೇಗೆ ಆಗಲಿ ರೀ? ಜನ ಎಲ್ಲಿ ಹೆದರ್ತಾರೆ ಅನ್ನೋದೇ ನನಗೀಗ ಗೊತ್ತಾಗಲ್ಲ. ಆ ಆರು ಜನರನ್ನ ಕೆಸರಿಗೆ ಬೀಳಿಸಿದ್ದು ನಾನೇ. ಹೆದರಿಕೆ ತೋರಿಸೋರು ಒಬ್ಬರು ಇಲ್ಲದೆ ನಾನು ಯಾರನ್ನೂ ಮುಂದೆ ಕರ್ಕೊಂಡು ಹೋಗಲ್ಲ."

ಸರಿ, ಹೆದರುವವರನ್ನು ಹುಡುಕೋಣ ಎಂದು ಅಣ್ಣ ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದ: 'ಸೈಕಲ್ ಹಾದಿ ಅಳೆಯಲು ಪುಕ್ಕಲು ವ್ಯಕ್ತಿ ಬೇಕಾಗಿದ್ದಾರೆ. ವಿಚಾರಿಸಿ.' ಇಡೀ ಊರು ಬಂದು ಓದಿ ನಕ್ಕು ಹೋಯಿತು. ಒಬ್ಬರೂ ವಿಚಾರಿಸಲಿಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಪುಕ್ಕಲರ ಹೆಸರು ಹೇಳಿದರು, ತಮ್ಮದನ್ನು ಬಿಟ್ಟು. ಹಲ್ಲಿನ ಡಾಕ್ಟರು ಬಂದು ಹೆದರಿದಂತೆ ನಟಿಸಿ, ಅಣ್ಣನ ಹಿಂದೆ ಹಾಡು ಹೇಳಿಕೊಂಡು ಎಂಟನೇ ಹಾದಿ ಮುಗಿಸಿದರು. ಒಂದು ವಾರ ಕಳೆಯಿತು. ಹಸಿರು ಬೋರ್ಡು ಗೋಡೆಗೆ ಮುಖ ಮಾಡಿಕೊಂಡು ನಿಂತೇ ಇತ್ತು.

ಎಂಟನೇ ದಿನ ಅತ್ತಿಗೆ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದರು. ಬುಕಿಂಗ್ ಪುಸ್ತಕವನ್ನು ಒರೆಸಿ ಅಣ್ಣನ ಮುಂದಿಟ್ಟರು. "ಹೊಲಿಗೆ ಅಂಗಡೀಲಿ ಕಿಟಕಿ ಪಕ್ಕದ ಮಷೀನು ಖಾಲಿ ಇದೆಯಂತೆ. ಸೋಮವಾರದಿಂದ ಬರ್ತೀನಿ ಅಂದಿದ್ದೀನಿ" ಎಂದರು. ದನಿಯಲ್ಲಿ ಜಗಳವಿಲ್ಲ, ಅದನ್ನೇ ಸಹಿಸಲಾಗಲಿಲ್ಲ. ಅಣ್ಣ ಆ ಪುಸ್ತಕದ ಹಾಳೆ ತಿರುಗಿಸುತ್ತಿದ್ದ. ಅತ್ತಿಗೆ ತಮ್ಮ ಹೆಲ್ಮೆಟ್ಟನ್ನು ಮೊಳೆಯಿಂದ ತೆಗೆದರು. ಖಾಲಿ ಮೊಳೆ ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

"ಊರೆಲ್ಲ ಯಾಕೆ ಹುಡುಕ್ತೀರಿ? ನಾನಿದ್ದೀನಲ್ಲ!" ಎಂದು ಕೂಗಿದೆ. ಸ್ಪ್ಯಾನರು ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. "ನನ್ನಷ್ಟು ಪುಕ್ಕಲ ಬೇಕಾ ನಿಮಗೆ? ಹತ್ತು ವರ್ಷದಲ್ಲಿ ಒಂದೇ ಒಂದು ಸಲಾನೂ ಆ ಗುಡ್ಡದಿಂದ ಸೈಕಲ್ ಓಡಿಸಿಲ್ಲ ನಾನು. ಬ್ರೇಕ್ ಸರಿ ಮಾಡಿದ್ರೆ ಹಿಂದಿನ ಸಂದೀಲಿ ಓಡಿಸಿ ನೋಡ್ತೀನಿ, ಅದೂ ಗೋಡೆ ಹಿಡ್ಕೊಂಡು. ಮಂಡಿನೋವೂ ಇಲ್ಲ, ಮಣ್ಣೂ ಇಲ್ಲ!"

ಅಣ್ಣ ಪುಸ್ತಕ ಮುಚ್ಚಿ ನನ್ನನ್ನೇ ನೋಡಿದ. ಅತ್ತಿಗೆ ಮಾತ್ರ ಸ್ವಲ್ಪವೂ ಆಶ್ಚರ್ಯಪಡಲಿಲ್ಲ.

"ಗೊತ್ತು ಕಣೋ. ನಿನಗೆ ಮಳೆಗಾಲದಲ್ಲಿ ಎಡಗಡೆ ಮಂಡಿ ನೋಯುತ್ತೆ, ಬೇಸಿಗೇಲಿ ಬಲಗಡೇದು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ? ನಾನು ನಿಮ್ಮನ್ನ ಅಷ್ಟು ಆಡಿಕೊಳ್ತಿದ್ದೆ."

"ಹೇಳಿದ್ರೆ ನಿನಗೆ ಬೇಜಾರಾಗ್ತಿತ್ತು. ಎಲ್ಲರೂ ನಕ್ಕರೆ ಹೇಗಿರುತ್ತೆ ಅಂತ ನನಗೆ ಗೊತ್ತಲ್ವಾ?"

ನಾನು ಕಾಲು ಉಜ್ಜಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದೆ. ಕಣ್ಣು ತುಂಬಿತ್ತು. ಕಾಲು ಕೂಡ ಚೆನ್ನಾಗಿಯೇ ನೋಯುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಅತ್ತಿಗೆ ನನ್ನ ಗದ್ದದ ಕೆಳಗೆ ಎರಡು ಬೆರಳು ತೂರಿಸಿ ನೋಡಿ, ಎಂಟನೇ ಹಾದಿಯ ಮೇಲ್ತುದಿಗೆ ಕರೆದುಕೊಂಡು ಹೋದರು. ಮೇಲೆ ನಿಂತು ಕೆಳಗೆ ನೋಡಿದೆ.

"ನಾನು ಮನೆಗೆ ಹೋಗ್ತೀನಿ" ಎಂದೆ.

"ಕಪ್ಪು!" ಎಂದ ಹಿಂದಿನಿಂದ ಅಣ್ಣ, ಸುಣ್ಣದ ಚೀಲ ಹಿಡಿದುಕೊಂಡು.

"ಸುಮ್ಮನಿರಿ ನೀವು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅವನ ಕಾಲು ಇನ್ನೂ ಪೆಡಲ್ ಮೇಲೇ ಇದೆ" ಎಂದರು ಅತ್ತಿಗೆ. "ನಿಧಾನಕ್ಕೆ ಬಾ. ಇಳೀಬೇಕು ಅನ್ನಿಸಿದ ಕಡೆ ಇಳಿ. ಯಾಕೆ ಇಳಿದೆ ಅಂತ ಹೇಳು, ಸಾಕು."

ಹನ್ನೊಂದು ಸಲ ಇಳಿದೆ. ಪ್ರತಿ ಸಲವೂ ಅತ್ತಿಗೆ ಸೈಕಲ್ ನಿಲ್ಲಿಸಿ ನನ್ನ ಪಕ್ಕದಲ್ಲಿ ಬಂದು ನಿಂತರು. "ಇಲ್ಲೇನು ಹೆದರಿಕೆ?" ಎಂದು ಕೇಳಿದರು. "ತಿರುವಿನಾಚೆ ಏನಿದೆ ಅಂತ ಕಾಣಲ್ಲ" ಎಂದರೆ ಬಗ್ಗಿ ನನ್ನ ಎತ್ತರದಿಂದ ನೋಡಿ, ಹೌದು ಎಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಆರನೆಯ ಕಡೆ "ಆ ಬೇರು ನನ್ನನ್ನೇ ನೋಡ್ತಿದೆ" ಎಂದೆ. ಅಣ್ಣ ಕಿಸಕ್ಕೆಂದ. ಅತ್ತಿಗೆ ಅದನ್ನೂ ಬರೆದುಕೊಂಡರು. ನಿನಗೆ ಎಲ್ಲಿ ಹೆದರಿಕೆ ಎಂದು ಆವರೆಗೆ ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಕೇಳಿದಾಗ ಎಷ್ಟು ಹಗುರಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನೋಡೋಣ ಎಂದು ಮೊದಲನೇ ಹಾದಿಗೂ ಕರೆದುಕೊಂಡು ಹೋದರು. ಅಲ್ಲಿ ಹಳೆಯ ಐದು ಬಿಳಿ ಕಲ್ಲುಗಳ ಹತ್ತಿರವೂ ನಾನು ಸರಿಯಾಗಿ ಇಳಿದೆ. ಅಣ್ಣ ನನ್ನ ಬೆನ್ನು ತಟ್ಟಿ, "ಹೊಸ ಟೇಪು ಹಳೇದಕ್ಕೆ ಸರಿಯಾಗಿ ಕೂತಿತು" ಎಂದ. ಎಂಟನೇ ಹಾದಿಗೆ ಕೆಂಪು ಬೋರ್ಡು ಬಂತು, ಹನ್ನೊಂದು ಕಲ್ಲು ಬಂದವು. ಹೆಲ್ಮೆಟ್ಟು ಮೊಳೆಗೆ ವಾಪಸಾಯಿತು. ಸೋಮವಾರ ಹೊಲಿಗೆ ಅಂಗಡಿಗೆ ಹೋದದ್ದು ಅಣ್ಣ, ಅತ್ತಿಗೆ ಬರುವುದಿಲ್ಲ ಎಂದು ಹೇಳಲು. ಹಾಗೇ ಒಂದು ಹರಿದ ಪ್ಯಾಂಟನ್ನೂ ಕೊಟ್ಟು ಬಂದ.

ಟೀಚರುಗಳ ರಜೆ ಇನ್ನೂ ಮುಗಿದಿರಲಿಲ್ಲ. ಕ್ಷಮೆ ಕೇಳಲು ಅತ್ತಿಗೆ ಫೋನು ಮಾಡಿದರೆ, "ಕ್ಷಮೆ ಬೇಡ, ಮರುಪರೀಕ್ಷೆ ಬೇಕು. ಅದೇ ಹಾದಿ" ಎಂದರಂತೆ ಹೆಡ್‌ಮಿಸ್ಸು. ಆರೂ ಜನ ಬಂದರು. ಅತ್ತಿಗೆ ಅವತ್ತು ಮೊದಲ ಸಲ ಗೈಡಾಗಿ ಎಲ್ಲರ ಮುಂದೆ ಹೊರಟರು. ಟ್ಯೂಬು, ಪಂಪು ಹೊತ್ತುಕೊಂಡು ಕೊನೆಯಲ್ಲಿ ನಾನು.

ಮೂರನೇ ತಿರುವಿನಲ್ಲಿ ಬಿಳಿ ಕಲ್ಲಿನ ಪಕ್ಕ ಅತ್ತಿಗೆ ಕೈ ಎತ್ತಿ ಸಾಲನ್ನು ನಿಲ್ಲಿಸಿದರು.

"ನಮ್ಮ ಮೈದುನ ಇಲ್ಲಿ ಇಳಿದಿದ್ದಾನೆ" ಎಂದರು, ಯಾವುದೋ ದೊಡ್ಡ ಸಾಹಸದ ಮಾತು ಹೇಳುವವರ ಹಾಗೆ. "ಅದಕ್ಕೇ ಇಲ್ಲಿ ಕಲ್ಲು ಇಟ್ಟಿದ್ದೀವಿ. ನೀವೂ ಇಳೀರಿ. ಅವಮಾನ ಏನೂ ಇಲ್ಲ."

"ಯಾರದು ಮೈದುನ?" ಎಂದು ಹೆಡ್‌ಮಿಸ್ಸು ತಿರುಗಿ ನೋಡಿದರು.

ನಾನು ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ, ಬಂಡೆಯನ್ನೊಮ್ಮೆ ನೋಡಿ, "ಒಳ್ಳೇ ಕೆಲಸ ಮಾಡಿದ್ದೀಯಪ್ಪ" ಎಂದರು. ಜೀವಮಾನದಲ್ಲಿ ಯಾವ ಟೀಚರೂ ನನಗೆ ಆ ಮಾತು ಹೇಳಿರಲಿಲ್ಲ.

ಆರು ಜನರೂ ಸೈಕಲ್ಲಿನಿಂದ ಇಳಿದರು. ಹಿಂದೆ ನಾನೂ ಇಳಿದೆ. ಅತ್ತಿಗೆ ಒಬ್ಬರೇ ಬಂಡೆ ದಾಟಿ, ಬೇರುಗಳ ಮೇಲೆ ಸೈಕಲ್ ಕುಣಿಸಿಕೊಂಡು ಹೋಗಿ, ಕೆಳಗೆ ನಿಲ್ಲಿಸಿ, ನಾವೆಲ್ಲ ತಳ್ಳಿಕೊಂಡು ಬರುವವರೆಗೂ ಕಾಯುತ್ತಾ ನಿಂತರು.